ಹಾಜರಿ ಪುಸ್ತಕದಿಂದ ಬಿಡಿಸಿಕೊಂಡ ಮೇಲೆ ನಮ್ಮ ಕೌನ್ಸೆಲಿಂಗ್ ಸೆಂಟರ್ ತುಂಬಿತು

ಮಂಗಳೂರಿನ ಒಂದು ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಕೌನ್ಸೆಲಿಂಗ್ ಸೆಂಟರ್ ನಡೆಸುತ್ತಿದ್ದೇನೆ. "ವಿಭಾಗದ ಮುಖ್ಯಸ್ಥರು (ಎಚ್‌ಒಡಿ) ಕಳಿಸದಿದ್ದರೆ ಒಬ್ಬರೂ ಬರುವುದಿಲ್ಲ ಮೇಡಂ" ಎಂದು ಬೇರೆ ಕಾಲೇಜಿನ ಸಮಾಲೋಚಕರು ಹೇಳಿದ್ದರು, ನಮ್ಮ ಮ್ಯಾನೇಜ್‌ಮೆಂಟೂ ಅದನ್ನೇ ಹೇಳಿತ್ತು. ಈಗ ಇಂಟರ್ನಲ್ಸ್ ಹತ್ತಿರ ಬಂದಾಗ ತಿಂಗಳಿಗೆ ಎಪ್ಪತ್ತು, ಎಂಬತ್ತು ಮಾತುಕತೆ ನಡೆಯುತ್ತವೆ. ಬರುವವರಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಬಂದವರು. ನಾನು ಸೇರಿದಾಗ ತಿಂಗಳಿಗೆ ಎಂಟೋ ಹತ್ತೋ ಮಂದಿ ಬರುತ್ತಿದ್ದರು, ಎಲ್ಲರ ಕೈಯಲ್ಲೂ ಒಂದು ಚೀಟಿ. ಇದೇ ಕೆಲಸದಲ್ಲಿರುವವರಿಗಾಗಿ ಬರೆಯುತ್ತಿರುವುದರಿಂದ ಕೆಲಸದ ಮೂಲಪಾಠಗಳನ್ನೆಲ್ಲ ಬಿಡುತ್ತೇನೆ.

ಆ ಚೀಟಿಯೇ ರೋಗದ ಮೂಲವಾಗಿತ್ತು. ಹಾಜರಿ 75 ಶೇಕಡಕ್ಕಿಂತ ಕೆಳಗಿಳಿದವರನ್ನು ನಮ್ಮಲ್ಲಿಗೆ ಕಳಿಸುತ್ತಿದ್ದರು, ನಾವು ಸಹಿ ಹಾಕಿದ ಮೇಲೆ ಹಾಲ್ ಟಿಕೆಟ್ ಸಿಗುತ್ತಿತ್ತು. ಸಹಿಗಾಗಿ ಬಂದ ಹುಡುಗ ಮನಸ್ಸು ಬಿಚ್ಚಿ ಯಾಕೆ ಮಾತಾಡುತ್ತಾನೆ? "ಮಲೇರಿಯಾ ಆಗಿತ್ತು ಮ್ಯಾಮ್" ಅಂತ ಹೇಳಿ ಸಹಿ ತೆಗೆದುಕೊಂಡು ಹೋಗುತ್ತಿದ್ದ. ಸಾಲದ್ದಕ್ಕೆ ನಮ್ಮ ಕೋಣೆ ಇದ್ದದ್ದು ಚಾಪೆಲ್ ಪಕ್ಕ, ಪ್ರಿನ್ಸಿಪಾಲ್ ಫಾದರ್ ಆಫೀಸಿನ ಎದುರು. ಬ್ಯಾರಿ ಮಕ್ಕಳು, ಹಿಂದೂ ಮಕ್ಕಳು ಇಲ್ಲಿ ಪ್ರಾರ್ಥನೆ ಮಾಡಿಸುತ್ತಾರೇನೋ ಎಂದು ಹಿಂಜರಿದರೆ, ಕೆಥೊಲಿಕ್ ಮಕ್ಕಳ ಹೆದರಿಕೆ ಅದಕ್ಕಿಂತ ದೊಡ್ಡದು. ನಮ್ಮ ಊರು ಎಷ್ಟು ಚಿಕ್ಕದೆಂದು ಗೊತ್ತುಂಟಲ್ಲ. ಇವತ್ತು ಇಲ್ಲಿ ಅತ್ತರೆ ಭಾನುವಾರ ಬಲಿಪೂಜೆ ಮುಗಿಯುವಷ್ಟರಲ್ಲಿ ವಾಳೆ ಗುರಿಕಾರರಿಗೆ, ಅಂದರೆ ಚರ್ಚಿನ ನಮ್ಮ ವಾರ್ಡಿನ ಮುಖಂಡರಿಗೆ, ಸುದ್ದಿ ಮುಟ್ಟುತ್ತದೆ ಎಂದು ಅವರು ನಂಬಿದ್ದರು. ಒಬ್ಬಳು ಬಾಗಿಲಲ್ಲೇ ನಿಂತು "ಫಾದರಿಗೆ ಗೊತ್ತಾಗ್ತದಾ?" ಅಂತ ಕೇಳಿದ್ದಳು. ಉತ್ತರ ಕೇಳುವ ಮೊದಲೇ ಹೊರಟೂ ಹೋದಳು.

ಸಹಿಯ ಅಧಿಕಾರ ನಮಗೆ ಬೇಡ, ಕೋಣೆಯನ್ನೂ ಬದಲಿಸಿ ಎಂದು ಅರ್ಜಿ ಕೊಟ್ಟೆ. ತಿರಸ್ಕಾರವಾಯಿತು. ಸಹಿ ಇಲ್ಲದಿದ್ದರೆ ಸೆಂಟರಿಗೆ ಹಿಡಿತವೇ ಇರುವುದಿಲ್ಲ, ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ಏನು ತೋರಿಸುವುದು ಎಂಬುದು ಅವರ ವಾದ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಕಲಂ, ಅಂದರೆ ಗೌಪ್ಯತೆಯ ಹಕ್ಕು, ತೋರಿಸಿದೆ. ಅದು ಆಸ್ಪತ್ರೆಗೆ, ನಮಗಲ್ಲ ಎಂದರು. ಕೊನೆಗೆ ಕೆಲಸ ಮಾಡಿದ್ದು ಚರ್ಚಿನದೇ ಕಾನೂನು. 1983ರ ಕ್ಯಾನನ್ ಲಾ ಸಂಹಿತೆಯ 985ನೇ ನಿಯಮದ ಪ್ರಕಾರ ಸೆಮಿನರಿಯ (ಪಾದ್ರಿಗಳನ್ನು ತಯಾರು ಮಾಡುವ ಶಾಲೆ) ಅಥವಾ ಬೇರೆ ವಿದ್ಯಾಸಂಸ್ಥೆಯ ಮುಖ್ಯಸ್ಥ, ಅಂದರೆ ರೆಕ್ಟರ್, ತನ್ನೊಂದಿಗೆ ಅದೇ ಮನೆಯಲ್ಲಿ ವಾಸಿಸುವ ವಿದ್ಯಾರ್ಥಿಗಳ ಪಾಪನಿವೇದನೆ ಕೇಳುವಂತಿಲ್ಲ. ವಿದ್ಯಾರ್ಥಿ ತಾನಾಗಿ, ಸ್ವಇಚ್ಛೆಯಿಂದ ಕೇಳಿಕೊಂಡರೆ ಮಾತ್ರ ಅದಕ್ಕೆ ವಿನಾಯಿತಿ. ಶಿಸ್ತು ನೋಡಿಕೊಳ್ಳುವವನು, ಗುಟ್ಟು ಕೇಳಿಸಿಕೊಳ್ಳುವವನು ಬೇರೆ ಬೇರೆಯಾಗಿರಬೇಕೆಂದು ನಿಮ್ಮ ನಿಯಮವೇ ಹೇಳುತ್ತದಲ್ಲ ಫಾದರ್, ನಾನು ಕೇಳುತ್ತಿರುವುದೂ ಅಷ್ಟೇ ಎಂದೆ. ಫಾದರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ವರ್ಷ ಮಾಡಿ ನೋಡಿ" ಎಂದರು. ಕ್ರೈಸ್ತ ಸಂಸ್ಥೆಗಳಲ್ಲಿರುವ ನನ್ನ ಜೊತೆಗಾರರು ಈ ಒಂದು ನಿಯಮವನ್ನು ಕಿಸೆಯಲ್ಲಿಟ್ಟುಕೊಳ್ಳಿ, ನೂರು ಸುತ್ತೋಲೆಗಿಂತ ಹೆಚ್ಚು ತೂಗುತ್ತದೆ. ಆದರೆ ಪಾಪನಿವೇದನೆಯ ಗುಟ್ಟಿಗೆ ವಿನಾಯಿತಿಯೇ ಇಲ್ಲ, ನಮ್ಮದಕ್ಕೆ ಉಂಟು. ಜೀವಕ್ಕೆ ಅಪಾಯ ಅಂತ ಕಂಡರೆ ನಾನು ಸುಮ್ಮನಿರುವುದಿಲ್ಲ, ಇದನ್ನು ಪ್ರತಿ ವಿದ್ಯಾರ್ಥಿಗೂ ಮೊದಲೇ ಹೇಳಿಬಿಡುತ್ತೇವೆ. ಅದನ್ನು ಕೇಳಿ ಎದ್ದು ಹೋದವರು ನನಗೆ ನೆನಪಿಲ್ಲ.

ಹೊಸ ಕೋಣೆ ಸಿಕ್ಕಿದ್ದು ಲೈಬ್ರರಿಯ ಹಿಂದೆ, ಮೊದಲು ಪುಸ್ತಕಕ್ಕೆ ಬೈಂಡಿಂಗ್ ಮಾಡುತ್ತಿದ್ದ ಜಾಗ. ಅದಕ್ಕೆ ಎರಡು ಬಾಗಿಲು. ಒಂದು ಲೈಬ್ರರಿ ಕಡೆಗೆ, ಇನ್ನೊಂದು ಸೈಕಲ್ ಸ್ಟ್ಯಾಂಡಿನ ಕಡೆಗೆ. ಲೈಬ್ರರಿ ಕಡೆಯಿಂದ ಬಂದವರು ಸ್ಟ್ಯಾಂಡಿನ ಕಡೆಯಿಂದ ಹೊರಗೆ ಹೋಗುತ್ತಾರೆ, ಕಾಯುವವರೂ ಹೋಗುವವರೂ ಎದುರಾಗುವುದೇ ಇಲ್ಲ. ಲೈಬ್ರರಿಗೆ ಹೋದರೆ ಯಾರೂ ಯಾಕೆ ಅಂತ ಕೇಳುವುದೂ ಇಲ್ಲ. ನಡುವೆ ಪ್ಲೈವುಡ್ ಪಾರ್ಟಿಶನ್ ಹಾಕಿಸಿದರು, ಹದಿನೆಂಟೋ ಇಪ್ಪತ್ತೋ ಸಾವಿರ ನೀರಿಗೆ ಹೋಯಿತು. ಆಚೆ ಕೂತವರಿಗೆ ಈಚೆಯ ಮೂಗು ಸೀಟಿದ್ದೂ ಕೇಳುತ್ತಿತ್ತು. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಹೊಡೆಯುವಾಗ ತೊಂದರೆ ಗೊತ್ತಾಗಲಿಲ್ಲ, ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಗೊತ್ತಾಯಿತು. ಪ್ಲೈ ಕಿತ್ತು ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿಸಿದೆವು, ಪ್ಲಾಸ್ಟರ್ ಸೇರಿ ಸುಮಾರು ನಲವತ್ತು ಸಾವಿರ. ಬಾಗಿಲಿಗೆ ಗಾಜು ಇರಲೇಬೇಕೆಂದು ಆಡಳಿತ ಹಟ ಹಿಡಿಯಿತು, ಅದು ಸರಿಯೂ ಹೌದು. ಕೂತವರ ತಲೆಯ ಮಟ್ಟದವರೆಗೆ ಮಂಜು ಗಾಜು, ಅದರ ಮೇಲೆ ಒಂದು ಗೇಣು ಪಾರದರ್ಶಕ ಗಾಜು. ಆಚೆ ನಿಂತವರಿಗೆ ಒಳಗೆ ಜನ ಇದ್ದಾರೆಂದು ಕಾಣುತ್ತದೆ, ಅಳುತ್ತಿರುವವರ ಮುಖ ಕಾಣುವುದಿಲ್ಲ.

ಸಮಯದ ವಿಷಯದಲ್ಲೂ ಪೆಟ್ಟು ತಿಂದೆವು. ಕ್ಲಾಸ್ ಮುಗಿದ ಮೇಲೆ ನಾಲ್ಕೂಕಾಲರಿಂದ ಆರೂವರೆ ಎಂದು ಬೋರ್ಡ್ ಹಾಕಿದೆವು. ಹಾಸ್ಟೆಲಿನವರು ಬಿಟ್ಟರೆ ಯಾರೂ ಬರಲಿಲ್ಲ. ಮೂಡುಬಿದಿರೆ, ಬಿ.ಸಿ.ರೋಡ್, ಕಿನ್ನಿಗೋಳಿ ಕಡೆಯವರಿಗೆ ಬಸ್ ತಪ್ಪಿದರೆ ಮನೆಯಲ್ಲಿ ಪ್ರಶ್ನೆ ಶುರು. ಊಟದ ಹೊತ್ತಿಗೆ ಬದಲಿಸಿ, ಡಬ್ಬಿ ತಂದು ಇಲ್ಲೇ ಉಣ್ಣಬಹುದೆಂದ ಮೇಲೆ ಬರತೊಡಗಿದರು. ಉಣ್ಣುತ್ತಾ ಮಾತಾಡುವವರು ಬೇಗ ವಿಷಯಕ್ಕೆ ಬರುತ್ತಾರೆ, ಇದು ನನ್ನ ಅನುಭವ.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯೂ-9 ಅನ್ನು ಗೂಗಲ್ ಫಾರ್ಮಿನಲ್ಲಿ ಇಡೀ ಫಸ್ಟ್ ಇಯರಿಗೆ ಕಳಿಸಿದ್ದೆವು, ರಿಜಿಸ್ಟರ್ ನಂಬರ್ ಕಡ್ಡಾಯ ಎಂದು. ಎಲ್ಲರ ಒಟ್ಟು ಅಂಕ ಸೊನ್ನೆ, ಒಂದು, ಎರಡು. ಕಾಗದದ ಮೇಲೆ ನಮ್ಮ ಕಾಲೇಜಿನಷ್ಟು ಸುಖವಾದ ಕಾಲೇಜೇ ಇಲ್ಲ. ಈಗ ಕೋಣೆಯೊಳಗೆ, ಎದುರು ಕೂತು, ಕಾಗದದಲ್ಲಿ ಮಾತ್ರ ಮಾಡುತ್ತೇವೆ. ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಅವತ್ತೇ ಕೂತು ನೇರವಾಗಿ ಕೇಳುತ್ತೇವೆ, ಒಬ್ಬರನ್ನೇ ಕಳಿಸುವುದಿಲ್ಲ. ಆಟೋ, ಆಸ್ಪತ್ರೆ ಎಂದು ವರ್ಷಕ್ಕೆ ಹದಿನೈದು ಸಾವಿರದ ನಿಧಿ ಕಪಾಟಿನಲ್ಲಿ ನಗದಾಗಿಯೇ ಇರಬೇಕು ಎಂದು ಹಟ ಮಾಡಿ ಪಡೆದಿದ್ದೇನೆ. ರಾತ್ರಿ ಹತ್ತಕ್ಕೆ ವೋಚರಿಗೆ ಸಹಿ ಹಾಕುವವರು ಯಾರು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅನ್ನು ಹಾಸ್ಟೆಲಿನ ಪ್ರತಿ ಬಚ್ಚಲಿನ ಬಾಗಿಲ ಒಳಗಡೆ ಅಂಟಿಸಿದ್ದೇವೆ. ನೋಟಿಸ್ ಬೋರ್ಡಿನ ಎದುರು ನಿಂತು ನಂಬರ್ ಬರೆದುಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಹಣದ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಪೂರ್ಣಾವಧಿ ಸಮಾಲೋಚಕಿಗೆ ತಿಂಗಳಿಗೆ 28 ಸಾವಿರ, ವಾರಕ್ಕೆ ಅರ್ಧ ದಿನ ಬರುವ ಕ್ಲಿನಿಕಲ್ ಸೈಕಾಲಜಿಸ್ಟಿಗೆ ಪ್ರತಿ ಸಲಕ್ಕೆ ಎರಡು ಸಾವಿರ. ಗೋಡೆ, ನಿಧಿ ಎಲ್ಲ ಸೇರಿ ಮೊದಲ ವರ್ಷ ಐದು ಲಕ್ಷದ ಹತ್ತಿರ. ನಾಲ್ಕು ಸಾವಿರ ಮಕ್ಕಳಿಗೆ ಹಂಚಿದರೆ ತಲೆಗೆ 125 ರೂಪಾಯಿ. ಮೀಟಿಂಗಿನಲ್ಲಿ ಈ ಒಂದೇ ಅಂಕಿ ಹೇಳಿ ಕೂತೆ, ಹೆಚ್ಚು ಪ್ರಶ್ನೆ ಬರಲಿಲ್ಲ. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರಲ್ಲಿ ಒಬ್ಬರಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಹೇಳಿದೆ. ಸಂಬಳಕ್ಕಾಗಿ ಇನ್ನೂ ಹೋರಾಡುತ್ತಿರುವವರು ಆ ಆದೇಶವನ್ನು ಪ್ರಿಂಟ್ ಹಾಕಿಸಿ ಕೊಂಡುಹೋಗಿ.

ನಡುನಡುವೆ ಬೇರೆ ಪ್ರಯೋಗಗಳೂ ಆದವು. ಹೆಸರು ಬರೆಯದೆ ಚೀಟಿ ಹಾಕುವ ಪೆಟ್ಟಿಗೆ ಇಟ್ಟೆವು. ಮೆಸ್ಸಿನ ಸಾಂಬಾರು ನೀರು, ಮೂರನೇ ಮಹಡಿಯ ಫ್ಯಾನ್ ತಿರುಗುವುದಿಲ್ಲ ಎಂಬ ದೂರುಗಳೇ ತುಂಬಿದವು. ವಾರ್ಡನ್ ಸಿಸ್ಟರಿಗೆ ತಲುಪಿಸಿದೆ, ಫ್ಯಾನ್ ರಿಪೇರಿ ಆಯಿತು. ಆಮೇಲೆಯೇ ಆ ಮಹಡಿಯ ಹುಡುಗಿಯರು ನಮ್ಮ ಬಾಗಿಲಿಗೆ ಬರತೊಡಗಿದ್ದು. ಕುರ್ಚಿಯಲ್ಲಿ ಕೂರಲೊಲ್ಲದ ಫುಟ್‌ಬಾಲ್ ಹುಡುಗರ ಜೊತೆ ಮೈದಾನ ಸುತ್ತುತ್ತಾ ಮಾತಾಡಿದ್ದು ಬಹಳ ಚೆನ್ನಾಗಿ ನಡೆಯಿತು, ಜೂನಿನಿಂದ ಮಳೆ ಬಂದು ನಿಂತುಹೋಯಿತು. ವಿಡಿಯೊ ಕಾಲ್ ಮಾತ್ರ ಬೇಡವೇ ಬೇಡ. ಪೀಜಿಯಲ್ಲಿ ಪಕ್ಕದ ಮಂಚದಲ್ಲೇ ರೂಮ್‌ಮೇಟ್ ಇರುತ್ತಾಳೆ.

ಹಾಜರಿ ಪಟ್ಟಿ ಈಗಲೂ ನಮಗೆ ಬರುತ್ತದೆ, ಆದರೆ ಇಲ್ಲಿಂದ ಅಲ್ಲಿಗೆ ಒಂದಕ್ಷರವೂ ಹೋಗುವುದಿಲ್ಲ. ಆ ಪಟ್ಟಿಯಲ್ಲಿ ನಾವು ಮೊದಲು ಯಾವುದನ್ನು ನೋಡುತ್ತೇವೆ ಎಂದು ಬರೆಯುವುದಿಲ್ಲ, ನಮ್ಮ ಮಕ್ಕಳೂ ಇದನ್ನು ಓದುತ್ತಾರೆ. ಹೆತ್ತವರಿಗೆ ಮೊದಲ ಫೋನ್ ಹೇಗೆ ಮಾಡುತ್ತೇನೆ ಎಂಬುದೂ ಅಷ್ಟೇ, ಎದುರು ಸಿಕ್ಕಿದರೆ ಹೇಳಿಕೊಡುತ್ತೇನೆ. ಈ ಸಲದ ಬಜೆಟ್ಟಿನಲ್ಲಿ ಎರಡನೇ ಹುದ್ದೆ ಕೇಳಿದ್ದೇನೆ, ತುಳು ಬಲ್ಲ ಗಂಡಸೇ ಬೇಕು ಎಂದೂ ಬರೆದಿದ್ದೇನೆ. ಹುಡುಗರ ಹಾಸ್ಟೆಲಿಗೆ ರಾತ್ರಿ ಹೋಗಿ ಕೂರುವವರು ನಮ್ಮಲ್ಲಿ ಇನ್ನೂ ಯಾರೂ ಇಲ್ಲ.