ರಿಯಲ್ ಆಡಿಯೋ ಕಡತಗಳಿಂದ ಅಜ್ಜಿಯ ಹಾಡುಗಳನ್ನು ಹೊರತೆಗೆದ ಬಗೆ

ನಮ್ಮ ಅಜ್ಜಿ ಹಾಡುತ್ತಿದ್ದ ಹಸೆ ಹಾಡು, ಸೋಬಾನೆ ಮತ್ತು ಆರತಿ ಹಾಡುಗಳನ್ನು ನನ್ನ ಚಿಕ್ಕಪ್ಪ 1994ರಲ್ಲಿ ಹನ್ನೊಂದು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. 2001ರಲ್ಲಿ ನಾನು ಆ ಕ್ಯಾಸೆಟ್ಟುಗಳನ್ನು ಬೆಂಗಳೂರಿಗೆ ತರಿಸಿಕೊಂಡು, ಟೇಪ್ ರೆಕಾರ್ಡರನ್ನು ಕಂಪ್ಯೂಟರಿಗೆ ಜೋಡಿಸಿ, ಅಮೆರಿಕದಲ್ಲಿದ್ದ ಅಕ್ಕನಿಗೆ ಕಳುಹಿಸಲು ಅನುಕೂಲವಾಗಲೆಂದು ಎಲ್ಲವನ್ನೂ ರಿಯಲ್ ಆಡಿಯೋ ಎಂಬ, ಜಾಲದಲ್ಲಿ ಕೇಳಿಸಲು ಸದ್ದನ್ನು ತುಂಬ ಕುಗ್ಗಿಸಿಡುವ ಕಡತ ರೂಪಕ್ಕೆ ಇಳಿಸಿದೆ. ಆಮೇಲೆ ಊರಿಗೆ ಮರಳಿದ ಕ್ಯಾಸೆಟ್ಟುಗಳು ಮಲೆನಾಡಿನ ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದು, ಬೂಷ್ಟು ಹಿಡಿದು, ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಹಾಳಾದವು. ಅಜ್ಜಿ 2003ರಲ್ಲಿ ತೀರಿಕೊಂಡರು. ಅವರ ದನಿ ಉಳಿದದ್ದು ನಾನು ಅಂದು ಬರೆದಿಟ್ಟ ಒಂದು ಸಿ.ಡಿ. ಮತ್ತು ಅದರ ನಕಲಿನಲ್ಲಿ ಮಾತ್ರ. ಅದರಲ್ಲಿದ್ದ 43 ಕಡತಗಳನ್ನು ಇಂದಿನ ಸಾಮಾನ್ಯ ರೂಪಗಳಿಗೆ ತಂದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ, ಹಳೆಯ ಸಿ.ಡಿ.ಗಳನ್ನು ಇಟ್ಟುಕೊಂಡಿರುವ ಬೇರೆ ಮನೆಯವರಿಗೂ ಇದು ಉಪಯೋಗಕ್ಕೆ ಬರಬಹುದು.

ಸಿಯಾಟಲ್‌ನ ಪ್ರೋಗ್ರೆಸಿವ್ ನೆಟ್‌ವರ್ಕ್ಸ್ ಸಂಸ್ಥೆ 1995ರಲ್ಲಿ ರಿಯಲ್ ಆಡಿಯೋವನ್ನು ಹೊರತಂದಿತು. ಅದೇ ಸಂಸ್ಥೆ ಮುಂದೆ ರಿಯಲ್‌ನೆಟ್‌ವರ್ಕ್ಸ್ ಎಂಬ ಹೆಸರು ಪಡೆಯಿತು. ನಾನು ಅಂದು ಆ ರೂಪವನ್ನು ಆರಿಸಿಕೊಂಡದ್ದು ತಪ್ಪಾಯಿತೆಂದು ಈಗಲೂ ಅನ್ನಿಸುವುದಿಲ್ಲ. ಒಂದು ಗಂಟೆಯ ಕ್ಯಾಸೆಟ್ಟನ್ನು ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಮಾಡಿದ್ದರೆ ಸುಮಾರು 58 ಎಂ.ಬಿ. ಆಗುತ್ತಿತ್ತು, ಸೆಕೆಂಡಿಗೆ 20 ಕಿಲೋಬಿಟ್‌ನ ರಿಯಲ್ ಆಡಿಯೋದಲ್ಲಿ ಅದು 9 ಎಂ.ಬಿ.ಯಷ್ಟೇ ಆಯಿತು, ಮಾತು ಮಾತಿಗೆ ಕಡಿದುಹೋಗುತ್ತಿದ್ದ ಡಯಲ್‌ಅಪ್ ಸಂಪರ್ಕದಲ್ಲಿ ಹಾಡು ಕೇಳಬೇಕಾಗಿದ್ದ ನಮಗೆ ಈ ವ್ಯತ್ಯಾಸವೇ ಮುಖ್ಯವಾಗಿತ್ತು.

ಮೊದಲ ಕೆಲಸ ಸಿ.ಡಿ.ಯನ್ನು ಓದಿಸುವುದು. ಒಂದು ಪ್ರತಿಯಲ್ಲಿ ಮೂರು ಕಡತಗಳು ನಕಲಾಗದೆ ನಿಂತವು. ಮತ್ತೆ ಮತ್ತೆ ಕಾಪಿ ಮಾಡಲು ಯತ್ನಿಸುವ ಬದಲು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ತಟ್ಟೆಯ ಇಮೇಜ್, ಅಂದರೆ ಅದರಲ್ಲಿರುವುದೆಲ್ಲದರ ಯಥಾವತ್ತಾದ ಒಂದೇ ಕಡತದ ನಕಲು, ತೆಗೆದೆ. ಅದು ಓದಲಾಗದ ಜಾಗಗಳನ್ನು ಬಿಟ್ಟು ಮುಂದೆ ಹೋಗುತ್ತದೆ, ಎಲ್ಲೆಲ್ಲಿ ಬಿಟ್ಟಿತೆಂಬುದನ್ನು ಒಂದು ನಕ್ಷೆಯಲ್ಲಿ ಬರೆದಿಡುತ್ತದೆ. ಎರಡೂ ಸಿ.ಡಿ.ಗಳನ್ನು ನಾನು ಒಂದೇ ಇಮೇಜಿನಿಂದ ಬರೆದಿದ್ದ ಕಾರಣ, ಅದೇ ನಕ್ಷೆಯನ್ನು ಕೊಟ್ಟು ಎರಡನೆಯ ಪ್ರತಿಯಿಂದ ಬಿಟ್ಟುಹೋದ ಭಾಗಗಳನ್ನಷ್ಟೇ ತುಂಬಿಸಲು ಸಾಧ್ಯವಾಯಿತು. ಎರಡು ಕಡತಗಳು ಪೂರ್ಣವಾದವು, ಒಂದು ಮಾತ್ರ ಗಾಯಗೊಂಡೇ ಉಳಿಯಿತು.

ಬಳಿಕ ಪ್ರತಿ ಕಡತದ ಒಳಗೆ ನಿಜವಾಗಿ ಏನಿದೆ ಎಂದು ಗುರುತಿಸಬೇಕಾಗಿತ್ತು. ರಿಯಲ್ ಆಡಿಯೋ ಎಂಬುದು ಒಂದೇ ರೂಪವಲ್ಲ. ಒಂದೇ ಹೆಸರಿನ ಕೆಳಗೆ ಹಲವು ಕೊಡೆಕ್‌ಗಳಿವೆ, ಅಂದರೆ ಸದ್ದನ್ನು ಕುಗ್ಗಿಸಿ ಮತ್ತೆ ಬಿಡಿಸುವ ಬಗೆಗಳು. ಮೊದಲ ಆವೃತ್ತಿಯದು ಸೆಕೆಂಡಿಗೆ 14.4 ಕಿಲೋಬಿಟ್ ವೇಗದ ಮೋಡೆಮ್‌ಗಾಗಿ ಮಾಡಿದ, ಮಾತಿಗಷ್ಟೇ ಸಾಕಾಗುವ ಕೊಡೆಕ್. ಆಮೇಲೆ 28.8 ಮೋಡೆಮ್‌ನದು, ಡಾಲ್ಬಿಯ ಎಸಿ-3ಯನ್ನು ಆಧರಿಸಿದ್ದು, ಸಂಗೀತಕ್ಕೆಂದು ಬಂದ ಕುಕ್ ಎಂಬುದು, ಇನ್ನೂ ಕೆಲವು. ಕಡತದ ಹೆಸರಿನ ಬಾಲವನ್ನು ನಂಬಿದರೆ ದಾರಿ ತಪ್ಪುತ್ತದೆ. ಕಡತದ ಬೈಟ್‌ಗಳನ್ನು ಇದ್ದ ಹಾಗೆ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದಾಗ ಮೊದಲ ನಾಲ್ಕು ಬೈಟ್‌ಗಳು ಚುಕ್ಕೆ, ಆರ್, ಎಂ, ಎಫ್ ಎಂದಿದ್ದರೆ ಅದು ರಿಯಲ್‌ಮೀಡಿಯಾ ಪೆಟ್ಟಿಗೆ, ಅಂದರೆ ಕುಗ್ಗಿಸಿದ ದನಿಯನ್ನು ಒಳಗಿಟ್ಟುಕೊಳ್ಳುವ ಹೊದಿಕೆ. ಚುಕ್ಕೆ, ಆರ್, ಎ ಎಂದಾದ ಮೇಲೆ ಎಫ್‌ಡಿ ಎಂಬ ಬೈಟ್ ಇದ್ದರೆ ಹಳೆಯ ಕಾಲದ ರಿಯಲ್ ಆಡಿಯೋ. ನನ್ನ 43ರಲ್ಲಿ ನಾಲ್ಕು ಕಡತಗಳ ಗಾತ್ರ ನೂರು ಬೈಟ್‌ಗಳನ್ನೂ ಮೀರಿರಲಿಲ್ಲ. ಬಾಲದಲ್ಲಿ ಆರ್‌ಎಎಂ ಎಂದಿದ್ದ ಅವುಗಳ ಒಳಗೆ ಹಾಡು ಇರಲೇ ಇಲ್ಲ, ಹಾಡು ಸಿಗುವ ಜಾಲವಿಳಾಸದ ಒಂದು ಸಾಲು ಮಾತ್ರ ಇತ್ತು. ಹಳೆಯ ಸಂಗ್ರಹಗಳಲ್ಲಿ ಇಂಥ ವಿಳಾಸಚೀಟಿಗಳನ್ನೇ ಹಾಡೆಂದು ಜೋಪಾನ ಮಾಡಿದವರು ಅನೇಕರಿದ್ದಾರೆ. ಅದೃಷ್ಟವಶಾತ್ ಆ ನಾಲ್ಕಕ್ಕೂ ಸೇರಿದ ಹಾಡುಗಳು ಅದೇ ಸಿ.ಡಿ.ಯಲ್ಲಿ ಬೇರೆ ಹೆಸರಿನಲ್ಲಿದ್ದವು.

ಹೀಗೆ ಉಳಿದ 39 ಕಡತಗಳೆಲ್ಲ ಕುಕ್ ಕೊಡೆಕ್‌ನವೇ ಆಗಿದ್ದವು. ಇದನ್ನು ಬಿಡಿಸಿ ಓದುವ ಶಕ್ತಿ, ದನಿ ಮತ್ತು ದೃಶ್ಯಗಳ ರೂಪ ಬದಲಿಸುವ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶಕ್ಕೆ ಬಂದದ್ದು 2005ರಲ್ಲಿ. ಮಾಲೀಕ ಸಂಸ್ಥೆಯ ಹೊರಗಿದ್ದ ಕೆಲವರು ಬೈಟ್ ಬೈಟನ್ನೂ ಪರೀಕ್ಷಿಸಿ ಆ ಒಗಟನ್ನು ಬಿಡಿಸಿರದಿದ್ದರೆ ನಾನು ಹಳೆಯ ಕಂಪ್ಯೂಟರ್ ಮತ್ತು ಹಳೆಯ ಪ್ಲೇಯರ್ ಹುಡುಕಿಕೊಂಡು ಹೋಗಬೇಕಾಗುತ್ತಿತ್ತು. ಅವರ ಬಗೆಗೆ ನನಗಿರುವ ಕೃತಜ್ಞತೆ ಅಳತೆಗೆ ಸಿಗುವಂಥದ್ದಲ್ಲ.

ಆದರೂ ನಾನು ಮೊದಲ ಸಲ ಪರಿವರ್ತಿಸಿದಾಗ ಒಂದು ತಪ್ಪಾಯಿತು. ಬಂದ ದನಿ ದೂರವಾಣಿಯಲ್ಲಿ ಕೇಳಿದಂತೆ ಮುಚ್ಚಿಕೊಂಡಿತ್ತು. ಹಾಡಿನ ಸೊಲ್ಲನ್ನು ಬರೆದುಕೊಳ್ಳುತ್ತಿದ್ದ ನನಗೆ ಅಜ್ಜಿ ‘ಸೋಬಾನೆ’ ಎನ್ನುತ್ತಿದ್ದಾರೋ ‘ಶೋಭಾನೆ’ ಎನ್ನುತ್ತಿದ್ದಾರೋ ತಿಳಿಯಲೇ ಇಲ್ಲ. 2001ರಲ್ಲಿ ಇಷ್ಟು ಕೆಟ್ಟದಾಗಿ ಕೇಳಿಸಿದ ನೆನಪು ನನಗಿರಲಿಲ್ಲ. ಅದೇ ತಂತ್ರಾಂಶದ ಜೊತೆ ಬರುವ ಎಫ್‌ಎಫ್‌ಪ್ರೋಬ್‌ನಿಂದ ಕಡತವನ್ನು ಪರೀಕ್ಷಿಸಿದಾಗ ಕಾರಣ ಗೊತ್ತಾಯಿತು. ಸಂಪರ್ಕದ ವೇಗಕ್ಕೆ ತಕ್ಕಂತೆ ದನಿಯ ಮಟ್ಟವನ್ನು ಬದಲಿಸಲು ಒಂದೇ ಕಡತದಲ್ಲಿ ಹಲವು ಧಾರೆಗಳನ್ನು ಇಡುವ ಶ್ಯೂರ್‌ಸ್ಟ್ರೀಮ್ ಎಂಬ ಏರ್ಪಾಡು ಆ ಕಾಲದಲ್ಲಿತ್ತು. ನನ್ನ ಕಡತದಲ್ಲಿ ಸೆಕೆಂಡಿಗೆ 8 ಕಿಲೋಬಿಟ್‌ನ ಒಂದು ಧಾರೆ, 20 ಕಿಲೋಬಿಟ್‌ನ ಇನ್ನೊಂದು ಧಾರೆ ಇದ್ದವು. ಏನೂ ಹೇಳದೆ ಬಿಟ್ಟಾಗ ತಂತ್ರಾಂಶ ಮೊದಲು ಸಿಕ್ಕಿದ ಕೀಳುಮಟ್ಟದ ಧಾರೆಯನ್ನೇ ಎತ್ತಿಕೊಂಡಿತ್ತು. ಆ ಧಾರೆಯ ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದಿದೆ ಎಂಬುದು) 8,000 ಹರ್ಟ್ಸ್, ಅಂದರೆ ಅದರ ಅರ್ಧವಾದ 4,000 ಹರ್ಟ್ಸ್‌ಗಿಂತ ಮೇಲಿನ ಸದ್ದಿಗೆ ಅದರಲ್ಲಿ ಎಡೆಯೇ ಇಲ್ಲ. ಸಕಾರದ ಸೀಟಿಯಂಥ ಸದ್ದಿನ ಬಹುಪಾಲು ಇರುವುದು ಅದಕ್ಕಿಂತ ಮೇಲೆ. ಮ್ಯಾಪ್ ಎಂಬ ಆಯ್ಕೆಯಿಂದ ಎರಡನೆಯ ಧಾರೆಯನ್ನೇ ಕೇಳಿ ಪಡೆದಾಗ 22,050 ಹರ್ಟ್ಸ್‌ನ ದನಿ ಬಂತು. ಹಸೆ ಹಾಡಿನಲ್ಲಿ ಅಜ್ಜಿ ಸ್ಪಷ್ಟವಾಗಿ ‘ಸೋಬಾನೆ’ ಎಂದೇ ಹಾಡಿದ್ದರು. ಪುಸ್ತಕ ನೋಡಿ ಕಲಿತ ಆರತಿ ಹಾಡಿನಲ್ಲಿ ಮಾತ್ರ ‘ಶೋಭಾನ’ ಎಂದಿದ್ದರು. ಎರಡಕ್ಕೂ ಅವರು ಬೇರೆ ಬೇರೆ ಉಚ್ಚಾರಣೆ ಇಟ್ಟುಕೊಂಡಿದ್ದರೆಂಬುದು ನನಗೆ ತಿಳಿದದ್ದೇ ಆಗ.

ಹೊರಬಂದ ದನಿಯನ್ನು ನೇರವಾಗಿ ಎಂಪಿ3 ಮಾಡಲಿಲ್ಲ. ರಿಯಲ್ ಆಡಿಯೋ ಒಮ್ಮೆ ಸದ್ದಿನ ಒಂದಷ್ಟನ್ನು ಎಸೆದೇ ಕುಗ್ಗಿಸಿದೆ. ಎಂಪಿ3 ಇನ್ನೊಮ್ಮೆ ತನ್ನದೇ ಲೆಕ್ಕದಲ್ಲಿ ಎಸೆಯುತ್ತದೆ. ಆದ್ದರಿಂದ ಮೂಲಪ್ರತಿಯನ್ನು ಏನನ್ನೂ ಕಳೆಯದ ಫ್ಲಾಕ್ ರೂಪದಲ್ಲಿ, 22,050 ಹರ್ಟ್ಸ್, ಒಂದೇ ಚಾನೆಲ್, ಇದ್ದದ್ದು ಇದ್ದ ಹಾಗೆಯೇ ಇಟ್ಟೆ. ಸ್ಯಾಂಪಲ್ ದರವನ್ನು 44,100ಕ್ಕೆ ಏರಿಸಿದರೆ ಕಡತ ದಪ್ಪವಾಗುತ್ತದೆಯೇ ಹೊರತು ಹೋದ ಸದ್ದು ಮರಳಿ ಬರುವುದಿಲ್ಲ. ಟೇಪಿನ ಭುಸುಗುಟ್ಟುವಿಕೆಯನ್ನು ತೆಗೆಯುವ ಸೋಸುಗಳನ್ನೂ ಒಮ್ಮೆ ಹಾಕಿ ನೋಡಿದೆ. ಭುಸುವಿನ ಜೊತೆಗೆ ಅಜ್ಜಿ ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವ ಸದ್ದೂ ಹೋಯಿತು. ಕೂಡಲೇ ಅದನ್ನು ಕೈಬಿಟ್ಟೆ. ಹಂಚುವುದಕ್ಕೆ ಫ್ಲಾಕ್‌ನಿಂದ ಸೆಕೆಂಡಿಗೆ 64 ಕಿಲೋಬಿಟ್‌ನ ಎಂಪಿ3 ಮಾಡಿದೆ; ಒಂದೇ ಚಾನೆಲ್ಲಿನ ಈ ದನಿಗೆ ಅಷ್ಟು ಧಾರಾಳವಾಗಿ ಸಾಕು.

ಗಾಯಗೊಂಡಿದ್ದ ಆ ಒಂದು ಕಡತ ಮೂರು ಸಂಜೆಗಳನ್ನು ತೆಗೆದುಕೊಂಡಿತು. ಕಳೆದುಹೋದ ಭಾಗ ಸಣ್ಣದು, ಆದರೆ ಅದರ ಪರಿಣಾಮ ಹಲವು ಸೆಕೆಂಡುಗಳ ಉದ್ದಕ್ಕೂ ಹರಡಿ ಗರಗರ ಸದ್ದಾಗಿ ಕೇಳುತ್ತಿತ್ತು. ಜಾಲದ ದಾರಿಯಲ್ಲಿ ಒಂದು ಪ್ಯಾಕೆಟ್ (ಕಳುಹಿಸುವ ಮಾಹಿತಿಯ ಕಟ್ಟು) ಕಳೆದರೂ ಹಾಡಿನ ಒಂದು ತುಣುಕು ಇಡಿಯಾಗಿ ಮಾಯವಾಗಬಾರದೆಂದು ರಿಯಲ್ ಆಡಿಯೋ ಅಕ್ಕಪಕ್ಕದ ಚೂರುಗಳನ್ನು ಕಲೆಸಿ ಬೇರೆ ಬೇರೆ ಪ್ಯಾಕೆಟ್‌ಗಳಲ್ಲಿ ಇಡುತ್ತದೆ. ಆ ಉಪಾಯವೇ ಇಲ್ಲಿ ಗಾಯವನ್ನು ಹರಡಿತ್ತು. ಒಳ್ಳೆಯದೆಂದರೆ, ಕೆಟ್ಟ ಚೂರುಗಳ ನಡುವೆ ಒಳ್ಳೆಯ ಚೂರುಗಳೂ ಇದ್ದವು. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ದೊಡ್ಡದಾಗಿ ಹಿಗ್ಗಿಸಿ, ಕೆಟ್ಟ ಚೂರುಗಳನ್ನು ಒಂದೊಂದಾಗಿ ಗುರುತಿಸಿ ಮೌನ ಮಾಡಿದೆ. ಈಗ ಅಲ್ಲಿ ದನಿ ತಡವರಿಸುತ್ತದೆ, ಆದರೆ ಪದಗಳು ತಿಳಿಯುತ್ತವೆ. ದುರಸ್ತಿ ಮಾಡದ ಪ್ರತಿಯನ್ನೂ ಪಕ್ಕದಲ್ಲೇ ಇಟ್ಟಿದ್ದೇನೆ.

ಕೊನೆಗೆ ಹಾಡಿನ ಹೆಸರುಗಳ ತೊಡಕು ಬಂತು. 2001ರಲ್ಲಿ ನಾನು ಶೀರ್ಷಿಕೆಗಳನ್ನು ಕನ್ನಡದಲ್ಲೇ ತುಂಬಿದ್ದೆ, ಆದರೆ ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಬಳಸಿ. ಫಾಂಟ್ ಇಲ್ಲದ ಕಡೆ ಅವು ತಲೆಯ ಮೇಲೆ ಗೀರು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತಿದ್ದವು. ಅವನ್ನು ಒಂದು ಪಠ್ಯ ಕಡತಕ್ಕೆ ತೆಗೆದು, ಫಾಂಟ್ ಸಂಕೇತದಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕದಲ್ಲಿ ಹಾಕಿದೆ. ಒತ್ತಕ್ಷರ ತಪ್ಪಿದ ಕಡೆ ಕೈಯಿಂದ ತಿದ್ದಿದೆ. ಎಂಪಿ3ಯಲ್ಲಿ ಟ್ಯಾಗ್‌ಗಳನ್ನು (ಹಾಡಿನ ಹೆಸರು ಮುಂತಾದ ವಿವರಗಳನ್ನು) ಐಡಿ3 ಎಂಬ ಪದ್ಧತಿಯ 2.3ನೇ ಆವೃತ್ತಿಯಲ್ಲಿ ಬರೆದೆ, ಏಕೆಂದರೆ ಮನೆಯಲ್ಲಿದ್ದ ಹಳೆಯ ಉಪಕರಣಗಳು 2.4ನ್ನು ಓದಲಿಲ್ಲ.

ಪ್ರತಿ ಕಡತದ ತಲೆಭಾಗದಲ್ಲಿ ಬರೆದಿದ್ದ ಅವಧಿಯನ್ನು ಫ್ಲಾಕ್‌ನ ಅವಧಿಯೊಡನೆ ತಾಳೆ ನೋಡಿದ ಮೇಲೆ, ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಕಿವಿಯಿಂದಲೇ ಕೇಳಿದೆ. ಯುಗಾದಿಗೆ ಊರಿಗೆ ಹೋದಾಗ ಎಂಪಿ3ಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು ದೊಡ್ಡಮ್ಮನಿಗೆ ಕೇಳಿಸಿದೆ. ತಡವರಿಸುವ ಆ ಹಾಡು ಬಂದಾಗ ದೊಡ್ಡಮ್ಮ ನಿಲ್ಲಿಸಲು ಹೇಳಿ, ಕಳೆದುಹೋಗಿದ್ದ ಸಾಲನ್ನು ತಾವೇ ಹಾಡಿದರು. ಅದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಆ ಕಡತದ ಪಕ್ಕದಲ್ಲಿ ಫ್ಲಾಕ್ ರೂಪದಲ್ಲಿಯೇ ಇಟ್ಟಿದ್ದೇನೆ.