ಸ್ಟೆಮ್ ಸೆಲ್ ಬ್ಯಾಗಿನಲ್ಲಿ ಕೋಕ ಹುಡುಕಿದ್ದು

ಚಾಲಿ ಅಡಿಕೆ ಹೆಕ್ಕುವಾಗ ಅಪ್ಪ ಬರೀ ಬಣ್ಣ ನೋಡಿ ನಂಬುವವರಲ್ಲ. ಅನುಮಾನ ಬಂದರೆ ಕೈಯಲ್ಲಿ ತೂಗಿ ನೋಡಿ, ಕೋಕ, ಅಂದರೆ ಹಾಳಾದ ಅಡಿಕೆ ಅಂತ ಆಚೆ ಹಾಕುತ್ತಿದ್ದರು. ಕುಂಬಳೆಯಿಂದ ದಿನಾ ರೈಲು ಹತ್ತಿ ಮಂಗಳೂರಿನ ಲ್ಯಾಬಿಗೆ ಹೋಗುವ ನಾನು ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ.

ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಹತೋಟಿಗೆ ಬಂದ ಕೆಲವರಿಗೆ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಎಂಬ ಔಷಧಿಯ ಇಂಜೆಕ್ಷನ್ ಕೊಟ್ಟು, ಮೂಳೆ ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನು ರಕ್ತಕ್ಕೆ ಇಳಿಸಿ, ಮೆಷಿನ್‌ನಲ್ಲಿ ತೆಗೆದು ಬ್ಯಾಗಿನಲ್ಲಿಡುತ್ತಾರೆ. ಜೋರಾದ ಕೀಮೋ ಮುಗಿದ ಮೇಲೆ ಅವರಿಗೇ ವಾಪಸ್. ಜೊತೆಗೆ ಕ್ಯಾನ್ಸರ್ ಕೋಶವೂ ಒಳಗೆ ಹೋದರೆ? ಬ್ಯಾಗಿನಲ್ಲಿ ಅದನ್ನು ಹುಡುಕುವುದೇ ನನ್ನ ಕೆಲಸ. ಇದು ಸುಮ್ನೆ ಹೆದರಿಕೆ ಅಲ್ಲ. ತೆಗೆದ ಮಜ್ಜೆಗೆ ಜೀನ್ ಗುರುತು ಹಾಕಿ ವಾಪಸ್ ಕೊಟ್ಟ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ರೋಗ ಮರಳಿದಾಗ ಕ್ಯಾನ್ಸರ್ ಕೋಶಗಳಲ್ಲೂ ಆ ಗುರುತು ಸಿಕ್ಕಿತ್ತು.

ತೊಡಕು ಏನೆಂದರೆ, ಒಳ್ಳೆಯ ಸ್ಟೆಮ್ ಸೆಲ್ ಮೇಲೆ ಸಿಡಿ34 ಎಂಬ ಗುರುತಿನ ಪ್ರೋಟೀನ್ ಇದೆ, ಎಷ್ಟೋ ಲ್ಯುಕೇಮಿಯಾ ಕೋಶಗಳ ಮೇಲೂ ಅದೇ ಇದೆ. ಹಾಗಾಗಿ ರೋಗ ಪತ್ತೆಯಾದ ದಿನದ ಫ್ಲೋ ಸೈಟೊಮೆಟ್ರಿ (ಕೋಶಗಳನ್ನು ಒಂದೊಂದಾಗಿ ಹಾಯಿಸಿ ಅವುಗಳ ಗುರುತು ನೋಡುವ ಪರೀಕ್ಷೆ) ಫೈಲ್ ಮೊದಲು ತೆರೆಯುತ್ತೇನೆ. ಆಗ ಆ ಕೋಶಗಳ ಮೇಲೆ ಸಿಡಿ7 ಅಥವಾ ಸಿಡಿ56ನಂಥ ಬೇರೆ ಗುರುತು ಇರಬಾರದ ಕಡೆ ಇತ್ತಾ? ಆ ಗುರುತನ್ನೇ ಹುಡುಕುತ್ತೇನೆ. ಹಳೆ ಫೈಲ್ ಸಿಗದಿದ್ದರೆ ಅರ್ಧ ಕುರುಡುತನವೇ.

ಬ್ಯಾಗಿನ ಸ್ಯಾಂಪಲ್ ರಕ್ತಕ್ಕಿಂತ ತುಂಬಾ ದಪ್ಪ. ಎಣಿಸಿ, ತೆಳು ಮಾಡಿಯೇ ಈ ಗುರುತುಗಳಿಗೆ ಅಂಟುವ ಆಂಟಿಬಾಡಿ ಹಾಕಬೇಕು, ಇಲ್ಲದಿದ್ದರೆ ಎಲ್ಲ ಕೋಶಗಳಿಗೂ ಸಾಲುವುದಿಲ್ಲ. ಎಣಿಸುವ ಸಂಖ್ಯೆಯಲ್ಲಂತೂ ಜಿಪುಣತನ ಬೇಡ. 10,000ಕ್ಕೆ ಒಂದು ಕ್ಯಾನ್ಸರ್ ಕೋಶ ಇದ್ದರೆ, 50,000 ನೋಡಿದಾಗ ಸಿಗುವುದು ಐದೇ. ಪರದೆಯಲ್ಲಿ ಒಂದು ಕೋಶ ಅಂದರೆ ಒಂದು ಚುಕ್ಕೆ. ಐದು ಚುಕ್ಕೆಯನ್ನು ಗುಂಪು ಅನ್ನಲಾಗುತ್ತದಾ? ನಾನು ಕನಿಷ್ಠ 5 ಲಕ್ಷ, ಸಾಧ್ಯವಾದರೆ 10 ಲಕ್ಷ ನೋಡುತ್ತೇನೆ. ಬ್ಯಾಗಿನಲ್ಲಿ 2,000 ಕೋಟಿ ಕೋಶ ಇದೆ ಅಂತಿಟ್ಟುಕೊಳ್ಳಿ. ಅದೇ ಲೆಕ್ಕದಲ್ಲಿ 20 ಲಕ್ಷ ಕ್ಯಾನ್ಸರ್ ಕೋಶ ಆಗುತ್ತದೆ.

ಒಮ್ಮೆ ಸುಮಾರು ಮೂವತ್ತು ಚುಕ್ಕೆಗಳ ಚಂದದ ಗುಂಪೊಂದು ಕಂಡಿತು. ಗುರುತೂ ಹೊಂದುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಲು ಕೈ ಹೋಗಿತ್ತು. ಯಾಕೋ ಯಾವ ಚುಕ್ಕೆ ಯಾವಾಗ ಬಂತು ಅಂತ ತೋರಿಸುವ ಸಮಯದ ಪ್ಲಾಟ್ ತೆರೆದೆ. ಎಲ್ಲ ಚುಕ್ಕೆಗಳೂ ಮೊದಲ ಕೆಲವು ಸೆಕೆಂಡುಗಳಲ್ಲೇ ಬಂದಿದ್ದವು, ಆಮೇಲೆ ಒಂದೂ ಇಲ್ಲ. ಇದಕ್ಕಿಂತ ಮುಂಚೆ ಹೊಸ ರೋಗಿಯೊಬ್ಬರ ಸ್ಯಾಂಪಲ್ ಓಡಿಸಿದ್ದೆ, ಅದರ ತುಂಬಾ ಬ್ಲಾಸ್ಟ್, ಅಂದರೆ ಬಲಿಯದ ಕ್ಯಾನ್ಸರ್ ಕೋಶಗಳು. ಅವೇ ಮೆಷಿನ್ನಿನ ನಳಿಗೆಯಲ್ಲಿ ಉಳಿದುಕೊಂಡಿದ್ದವು. ತಪ್ಪು ನನ್ನದೇ, ನಡುವೆ ತೊಳೆದಿರಲಿಲ್ಲ. ಬ್ಲೀಚ್, ನೀರು ಹಾಯಿಸಿ ಮತ್ತೆ ಓಡಿಸಿದರೆ ಗುಂಪೇ ಇಲ್ಲ.

ಈಗ ಬ್ಯಾಗಿನ ಸ್ಯಾಂಪಲ್ಲನ್ನು ಬೆಳಗ್ಗೆ ಎಲ್ಲಕ್ಕಿಂತ ಮೊದಲು ಓಡಿಸುತ್ತೇನೆ. ಅದಕ್ಕೂ ಮುಂಚೆ ಕೋಶಗಳಿಲ್ಲದ ಒಂದು ಟ್ಯೂಬ್, ಹಳೆಯದೇನಾದರೂ ಉಳಿದಿದೆಯಾ ನೋಡಲು. ವರದಿಯಲ್ಲಿ ಬರೀ ನೆಗೆಟಿವ್ ಅಂತ ಬರೆಯುವುದಿಲ್ಲ, ಎಷ್ಟು ಕೋಶ ನೋಡಿದೆ ಅಂತಲೂ ಹಾಕುತ್ತೇನೆ. ಬ್ಯಾಗ್ ಚೊಕ್ಕ ಇದ್ದ ಮಾತ್ರಕ್ಕೆ ಮಜ್ಜೆಯೂ ಚೊಕ್ಕ ಅಂತಲ್ಲ, ಅದರ ಸ್ಯಾಂಪಲ್ ಬೇರೆಯೇ ಬರುತ್ತದೆ. ಅವತ್ತು ಮಾತ್ರ ಎರಡನೇ ಸಲ ಓಡಿಸಿ, ವರದಿ ಕಳಿಸಿ ಸ್ಟೇಷನ್ನಿಗೆ ಓಡುವಷ್ಟರಲ್ಲಿ ಸಂಜೆಯ ರೈಲು ಹೋಗಿತ್ತು.