ಪ್ಯಾಂಕ್ರಿಯಾಸ್ ಕಲ್ಲು: ಸ್ಟೆಂಟ್ ಹಾಕಿಸಿಯೂ ನೋಡಿದೆ, ಆಪರೇಷನ್ನೂ ಆಯಿತು

ಮೂರು ವರ್ಷ ಗ್ಯಾಸ್ಟ್ರಿಕ್ ಅಂದುಕೊಂಡೇ ಮಾತ್ರೆ ನುಂಗಿದೆ. ಊಟ ಆದಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹೊಡೆಯುವ ನೋವು, ರಾತ್ರಿಯೆಲ್ಲ ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂತರೆ ಮಾತ್ರ ಸ್ವಲ್ಪ ಸಮಾಧಾನ. ಸಿ.ಟಿ. ಮಾಡಿಸಿದಾಗ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ನಾಳದ ತುಂಬಾ ಕಲ್ಲು, ದೊಡ್ಡದು 11 ಮಿ.ಮೀ. ಕುಡೀತಿದ್ದೆಯಾ ಅಂತ ನೆಂಟರೆಲ್ಲ ಕೇಳಿದರು. ನಾನು ಒಂದು ಹನಿಯೂ ಮುಟ್ಟಿದವನಲ್ಲ. ನಮ್ಮ ದಕ್ಷಿಣ ಭಾರತದಲ್ಲಿ ಕುಡಿಯದವರಿಗೂ, ಚಿಕ್ಕ ವಯಸ್ಸಿನವರಿಗೂ ಇದು ಬರುತ್ತದೆ.

ಅತ್ತೆ ಬಾಳೆದಿಂಡಿನ ರಸ ಕಳಿಸಿದರು. ಅವರ ಪ್ರೀತಿ ದೊಡ್ಡದು, ಆದರೆ ಇದು ಕಿಡ್ನಿ ಕಲ್ಲಲ್ಲ. ಊಟದ ಜೊತೆ ತಗೊಳ್ಳುವ, ಜೀರ್ಣಕ್ಕೆ ನೆರವಾಗುವ ಎನ್‌ಜೈಮ್ ಮಾತ್ರೆಯಿಂದ ಎಣ್ಣೆಯಂತೆ ಹೋಗುತ್ತಿದ್ದ ಭೇದಿ ನಿಂತಿತು, ತೂಕವೂ ಬಂತು, ನೋವು ಮಾತ್ರ ಹಾಗೇ ಇತ್ತು.

ಆಮೇಲೆ ಲಿಥೋಟ್ರಿಪ್ಸಿ. ಹೊರಗಿನಿಂದಲೇ ಶಾಕ್ ವೇವ್ (ಕರೆಂಟ್ ಅಲ್ಲ, ಒತ್ತಡದ ಅಲೆ) ಕೊಟ್ಟು ಕಲ್ಲನ್ನು ಪುಡಿ ಮಾಡುತ್ತಾರೆ, ನನಗೆ ಮೂರು ಸಲ ಬೇಕಾಯಿತು. ಎಂಡೋಸ್ಕೋಪಿಯಲ್ಲಿ ಪುಡಿ ತೆಗೆದು, ನಾಳ ಮುಚ್ಚಿಹೋಗದಂತೆ ಸ್ಟೆಂಟ್, ಅಂದರೆ ಸಣ್ಣ ಕೊಳವೆ, ಇಟ್ಟರು. ನಾಲ್ಕು ತಿಂಗಳು ಸ್ವರ್ಗ! ಆಮೇಲೆ ಮತ್ತೆ ನೋವು, ಮತ್ತೆ ಸ್ಟೆಂಟ್, ಹೀಗೆ ಮೂರು ಸಲ ಬದಲಾಯಿಸಿದರು, ಎರಡನೇ ಸಲ ಅದರಿಂದಲೇ ಗ್ರಂಥಿ ಊದಿಕೊಂಡು ಆರು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಸರ್ಜನ್‌ರನ್ನೂ ಒಮ್ಮೆ ನೋಡಿ ಅಂತ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ಈಗಲೂ ಬೇಜಾರಿದೆ.

2020ರಲ್ಲಿ ಹೊರಬಂದ ನೆದರ್‌ಲ್ಯಾಂಡ್ಸ್‌ನ ಅಧ್ಯಯನ ಓದಿದ್ದು ಆಗಲೇ. 88 ಜನರಲ್ಲಿ ಅರ್ಧ ಜನರಿಗೆ ಬೇಗನೇ ಆಪರೇಷನ್, ಉಳಿದವರಿಗೆ ಮೊದಲು ಮಾತ್ರೆ, ಎಂಡೋಸ್ಕೋಪಿ, ಆಗದಿದ್ದರೆ ಮಾತ್ರ ಆಪರೇಷನ್. ಹದಿನೆಂಟು ತಿಂಗಳಲ್ಲಿ ಸರಾಸರಿ ನೋವಿನ ಅಂಕ ನೂರಕ್ಕೆ, ಬೇಗ ಆಪರೇಷನ್ ಆದವರಲ್ಲಿ 37, ಉಳಿದವರಲ್ಲಿ 49; ಅಂಕ ಕಡಿಮೆ ಇದ್ದಷ್ಟೂ ನೋವು ಕಡಿಮೆ. ಭಾರಿ ವ್ಯತ್ಯಾಸ ಅನ್ನಿಸದೇ ಇರಬಹುದು, ರಾತ್ರಿಯಿಡೀ ಕೂತವನಿಗೆ ಅದು ಜಾಸ್ತಿಯೇ. ಹಾಗಂತ ಎಲ್ಲರೂ ಆಪರೇಷನ್‌ಗೆ ಓಡಬೇಕಿಲ್ಲ. ಒಂದೇ ಕಲ್ಲು, ನಾಳದಲ್ಲಿ ಬೇರೆ ಅಡ್ಡಿ ಇಲ್ಲ ಅಂದರೆ ನಾನಾದರೂ ಮೊದಲು ಲಿಥೋಟ್ರಿಪ್ಸಿಯೇ ಮಾಡಿಸುತ್ತಿದ್ದೆ. ನನ್ನದು ಹಾಗಿರಲಿಲ್ಲ, ಕಲ್ಲು ಹಲವು, ಗ್ರಂಥಿಯ ತಲೆಭಾಗವೂ ದಪ್ಪಗಾಗಿತ್ತು.

ಮಾಡಿದ್ದು ಫ್ರೇ ಆಪರೇಷನ್. ತಲೆಭಾಗವನ್ನು ಒಳಗಿಂದ ಕೆರೆದು, ನಾಳವನ್ನು ಉದ್ದಕ್ಕೆ ಸೀಳಿ, ಕಲ್ಲು ತೆಗೆದು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಒಂಬತ್ತು ದಿನ ಆಸ್ಪತ್ರೆ, ಕೆಲಸಕ್ಕೆ ಹೋಗಲು ಎರಡು ತಿಂಗಳು ಹಿಡಿಯಿತು. ಎರಡು ವರ್ಷದಲ್ಲಿ ನೋವು ಬಂದದ್ದು ಎರಡೇ ಸಲ, ಅದೂ ಸಣ್ಣದಾಗಿ. ಶುಗರ್ ಮಾತ್ರ ಬಂದೇ ಬಂತು, ಈಗ ಇನ್ಸುಲಿನ್ ತಗೊಳ್ಳುತ್ತಿದ್ದೇನೆ. ಎನ್‌ಜೈಮ್ ಮಾತ್ರೆಯೂ ಬಿಟ್ಟಿಲ್ಲ.

ನಿಮಗೂ ಇದೇ ತೊಂದರೆ ಇದ್ದರೆ, ಮೊದಲ ಸ್ಟೆಂಟ್‌ಗೆ ಒಪ್ಪುವ ಮೊದಲು ಸಿ.ಟಿ. ಸಿಡಿ ಹಿಡಿದು ಸರ್ಜನ್‌ರನ್ನೂ ನೋಡಿ. ಸ್ಟೆಂಟ್ ಹಾಕುವ ಡಾಕ್ಟರ್ ಹತ್ತಿರ, ಎಷ್ಟು ಸಲ ಬದಲಾಯಿಸಿದ ಮೇಲೆ ಬೇರೆ ದಾರಿ ನೋಡುತ್ತೀರಿ ಸರ್ ಅಂತ ಕೇಳಿ.